ಎಂಟೇ ಮನೆ, ಹತ್ತು ಕೋಟಿ

ಸದಾಶಿವನಗರದಲ್ಲಿ ಲಕ್ಷುರಿ ಅಪಾರ್ಟ್‌ಮೆಂಟ್ ಮಾರಾಟಕ್ಕಿದೆ. ನಾಲ್ಕು ಬೆಡ್‌ರೂಮು, 4000 ಚದರಡಿ, ಇಟಾಲಿಯನ್ ಮಾರ್ಬಲ್, ಬಾಲ್ಕನಿಯಲ್ಲಿ ನಿಂತರೆ ಸ್ಯಾಂಕಿ ಕೆರೆ. ಇಡೀ ಕಟ್ಟಡಕ್ಕೆ ಎಂಟೇ ಮನೆ. ಬೆಲೆ ಹತ್ತು ಕೋಟಿ. ಇಂಥ ಜಾಹೀರಾತು ನೀವೂ ನೋಡಿರ್ತೀರಿ. ಅಳತೆ, ಬೆಲೆ ಆಚೀಚೆ ಇರಬಹುದು, ಧಾಟಿ ಒಂದೇ. ಅಂದ ಹಾಗೆ, ಈ ಬಡಾವಣೆಗೆ ಹೆಸರು ಬಂದಿದ್ದು ಕಾರ್ನಾಡು ಸದಾಶಿವ ರಾಯರಿಂದ. ಸ್ವಾತಂತ್ರ್ಯ ಹೋರಾಟಕ್ಕೆ ತಮ್ಮ ಆಸ್ತಿಯನ್ನೆಲ್ಲ ಸುರಿದ ಮಂಗಳೂರಿನ ಮನುಷ್ಯ. ಅವರ ಹೆಸರಿನ ಜಾಗದಲ್ಲಿ ಇವತ್ತು ಕೋಟಿ ಇಲ್ಲದೆ ಮಾತೇ ಇಲ್ಲ.

ನಮಗೂ ಇದಕ್ಕೂ ಏನ್ರೀ ಸಂಬಂಧ ಅಂತ ಚಾನೆಲ್ ಬದಲಾಯಿಸಬೇಡಿ. ಈ ಹತ್ತು ಕೋಟಿ ಮನೆಗೂ, ಸಾಲ ಮಾಡಿ ತಗೊಳ್ಳೋಣ ಅಂತ ನೀವು ನೋಡ್ತಿರೋ ಅರವತ್ತು ಲಕ್ಷದ ಫ್ಲ್ಯಾಟಿಗೂ ಒಂದು ನಂಟಿದೆ. ಅದು ಇರೋದು ಆ 'ಎಂಟೇ ಮನೆ' ಅನ್ನೋ ಮಾತಿನಲ್ಲಿ.

ರೇರಾ ಕಾಯ್ದೆ ಗೊತ್ತಲ್ಲ? 2016ರದ್ದು, ಪೂರ್ತಿಯಾಗಿ ಜಾರಿಗೆ ಬಂದಿದ್ದು 2017ರ ಮೇ 1ಕ್ಕೆ. ಯೋಜನೆಯನ್ನ ರೇರಾದಲ್ಲಿ ನೋಂದಾಯಿಸಿದರೆ ಬಿಲ್ಡರ್ ತನ್ನ ಪ್ಲಾನು, ಜಮೀನಿನ ದಾಖಲೆ ಎಲ್ಲವನ್ನೂ ವೆಬ್‌ಸೈಟಿಗೆ ಹಾಕಬೇಕು. ಗ್ರಾಹಕರಿಂದ ಬಂದ ದುಡ್ಡಲ್ಲಿ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಾಗಕ್ಕೆ, ಕಟ್ಟಡಕ್ಕೆ ಮಾತ್ರ ಖರ್ಚು ಮಾಡಬೇಕು. ನಿಮ್ಮ ದುಡ್ಡು ತಗೊಂಡು ಇನ್ನೆಲ್ಲೋ ಜಮೀನು ಕೊಳ್ಳೋ ಹಾಗಿಲ್ಲ. ಒಳ್ಳೇ ಕಾನೂನು. ಆದರೆ ಅದೇ ಕಾಯ್ದೆಯ 3ನೇ ಸೆಕ್ಷನ್ ಓದಿ ನೋಡಿ. ಜಾಗ 500 ಚದರ ಮೀಟರ್ ಒಳಗಿದ್ದರೆ, ಅಥವಾ ಮನೆಗಳ ಸಂಖ್ಯೆ ಎಂಟು ದಾಟದಿದ್ದರೆ, ನೋಂದಣಿ ಕಡ್ಡಾಯ ಅಲ್ಲ!

ಎಂಟು ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ಈಗ ಹೊಳೀತಾ? ಎಲ್ಲರೂ ಕಾನೂನು ತಪ್ಪಿಸೋಕೇ ಎಂಟು ಮನೆ ಕಟ್ತಾರೆ ಅಂತ ನಾನು ಹೇಳಲ್ಲ. ಆದರೆ ಜಾಹೀರಾತು ಯಾವುದನ್ನ 'ಎಕ್ಸ್‌ಕ್ಲೂಸಿವ್' ಅಂತ ಮಾರುತ್ತೋ, ಅದೇ ಕಾರಣಕ್ಕೆ ನಿಮ್ಮ ಪರವಾಗಿ ಮೊದಲೇ ದಾಖಲೆ ಕೇಳೋರು ಯಾರೂ ಇರಲ್ಲ. ಇನ್ನು 500 ಚದರ ಮೀಟರ್ ಅಂದ್ರೆ ಸುಮಾರು 5380 ಚದರಡಿ. ನಲವತ್ತು ಅರವತ್ತರ ಸೈಟು 2400, ಅರವತ್ತು ಎಂಬತ್ತರದ್ದು 4800. ನಿಮ್ಮ ಬೀದಿಯಲ್ಲಿ ಹಳೇ ಮನೆ ಕೆಡವಿ ಎದ್ದಿರೋ ನಾಲ್ಕಂತಸ್ತಿನ ಫ್ಲ್ಯಾಟುಗಳು ಬಹುಪಾಲು ಈ ವಿನಾಯಿತಿಯೊಳಗೇ ಬಂದುಬಿಡ್ತವೆ. ಹತ್ತು ಕೋಟಿಯವನು ವಕೀಲರನ್ನ ಇಟ್ಕೊತಾನೆ. ಅರವತ್ತು ಲಕ್ಷದವನು ಬ್ರೋಕರ್ ಮಾತು ನಂಬ್ತಾನೆ.

ಹಾಗಾದ್ರೆ ನೋಡಬೇಕಾದ್ದೇನು? ಮೊದಲು ಜಾಗದ ಹಿಂದಿನ ಮನೆ. ಇಂಥ ಬಡಾವಣೆಗಳಲ್ಲಿ ಅಪ್ಪ ಅಥವಾ ಅಜ್ಜನ ಬಂಗಲೆ ಇರುತ್ತೆ, ಮಕ್ಕಳು ಬಿಲ್ಡರ್ ಜೊತೆ ಜಂಟಿ ಒಪ್ಪಂದ ಮಾಡ್ಕೊಂಡು ಅರ್ಧ ಫ್ಲ್ಯಾಟು ನಮಗೆ, ಅರ್ಧ ನಿನಗೆ ಅಂತ ಹಂಚಿಕೊಂಡಿರ್ತಾರೆ. ಗಂಡುಮಕ್ಕಳು ಸಹಿ ಹಾಕಿರ್ತಾರೆ. ಅಮೆರಿಕದಲ್ಲಿರೋ ತಂಗಿ? ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಕೆಯ ಸಹಿ ಇಲ್ಲದಿದ್ದರೆ, ಕೇಸು ಬರೋದು ನೀವು ಗೃಹಪ್ರವೇಶ ಮಾಡಿದ ಮೇಲೆ.

ಆಮೇಲೆ ಅಳತೆ. 4000 ಚದರಡಿ ಅಂದರಲ್ಲ, ಅದು ಸೂಪರ್ ಬಿಲ್ಟ್‌ಅಪ್. ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲ ಸೇರಿಸಿದ ಲೆಕ್ಕ. ಒಳಗೆ ನೀವು ಕಾಲಿಡೋ ನೆಲ, ಅಂದ್ರೆ ಕಾರ್ಪೆಟ್ ಏರಿಯಾ, ಶೇಕಡಾ 70 ಅಂತಿಟ್ಟುಕೊಳ್ಳಿ. 2800 ಆಯ್ತು. ಚದರಡಿಗೆ 25 ಸಾವಿರ ಅಂದ್ಕೊಂಡಿದ್ದು ನಿಜಕ್ಕೂ 35 ಸಾವಿರದ ಮೇಲೆ ಬಿತ್ತು. ಮೇಂಟೆನೆನ್ಸ್ ಮಾತ್ರ ಆ 4000ಕ್ಕೇ ಕೇಳ್ತಾರೆ. ಕ್ರಯಪತ್ರದಲ್ಲಿ ನಿಮಗೆ ಬರೋ ಭೂಮಿಯ ಅವಿಭಾಜ್ಯ ಪಾಲು ಎಷ್ಟು ಅಂತಲೂ ನೋಡಿ. ಮಾರ್ಬಲ್ಲು ಹಳೇದಾಗುತ್ತೆ, ಲಿಫ್ಟು ಕೆಡುತ್ತೆ. ಬೆಲೆ ಏರೋದು ಆ ಮಣ್ಣಿಗೆ. ಟೆರೇಸ್ ಗಾರ್ಡನ್ ಬೇರೆ ನಿಮ್ಮದೇ ಅಂತಾರೆ. ರೇರಾ ಕಾಯ್ದೆಯ ವ್ಯಾಖ್ಯೆಯಲ್ಲಿ ಸಾಮಾನ್ಯ ಟೆರೇಸು, ತೆರೆದ ಪಾರ್ಕಿಂಗು ಎಲ್ಲರಿಗೂ ಸೇರಿದ ಜಾಗ.

ರಿಜಿಸ್ಟ್ರೇಷನ್ ಖರ್ಚು ಎಷ್ಟು ಗೊತ್ತಾ? ಸ್ಟಾಂಪ್ ಡ್ಯೂಟಿ ಶೇಕಡಾ 5, ಸೆಸ್ಸು ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡಾಯ್ತು. ಒಟ್ಟು 7.6. ಹತ್ತು ಕೋಟಿಗೆ 76 ಲಕ್ಷ ಸ್ವಾಮಿ, ಅದರಲ್ಲೇ ಒಂದು ಫ್ಲ್ಯಾಟು ಬರುತ್ತೆ.

ಇಷ್ಟೆಲ್ಲ ಸರಿಯಿದ್ದು ಓಸಿ ಇಲ್ಲ ಅಂದ್ರೆ? ಓಸಿ ಅಂದ್ರೆ ಸ್ವಾಧೀನಾನುಭವ ಪ್ರಮಾಣಪತ್ರ, ಮಂಜೂರಾದ ಪ್ಲಾನಿನಂತೆಯೇ ಕಟ್ಟಿದ್ದಾರೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡೋ ಕಾಗದ. ಮೂರು ಮಹಡಿಗೆ ಅನುಮತಿ ತಗೊಂಡು ನಾಲ್ಕು ಕಟ್ಟಿದರೆ ಅದು ಸಿಗಲ್ಲ. ಮುಂದೆ ಸಕ್ರಮ ಆಗುತ್ತೆ ಸಾರ್ ಅಂತಾರೆ. ಅಕ್ರಮ-ಸಕ್ರಮಕ್ಕೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದನ್ನ ಹೇಳಲ್ಲ. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ಇನ್ನೂ ಬಿಗಿ ಮಾಡ್ತು: ಓಸಿ ಇಲ್ಲದೆ ನೀರು, ಕರೆಂಟು ಕೊಡಬಾರದು, ಬ್ಯಾಂಕು ಅದನ್ನ ಪರಿಶೀಲಿಸಿಯೇ ಸಾಲ ಕೊಡಬೇಕು. ಅದಾದ ಮೇಲೆ ಕರೆಂಟ್ ಸಂಪರ್ಕಕ್ಕೆ ರಾಜ್ಯದಲ್ಲಿ ಎಷ್ಟು ಜನ ಪರದಾಡಿದರು ಅನ್ನೋದನ್ನ ನಾವೆಲ್ಲ ನೋಡಿದ್ದೀವಿ. 1200 ಚದರಡಿ ಒಳಗಿನ ಸೈಟುಗಳ ಸಣ್ಣ ಮನೆಗಳಿಗೆ ಆಮೇಲೆ ಸರ್ಕಾರ ವಿನಾಯಿತಿ ಕೊಡ್ತು. ಎಂಟು ಫ್ಲ್ಯಾಟಿನ ಕಟ್ಟಡಕ್ಕಲ್ಲ.

ಓಸಿ ಕೇಳಿದಾಗ ಬ್ರೋಕರು 'ಅಪ್ಲೈ ಮಾಡಿದೀವಿ ಸಾರ್' ಅಂತ ರಸೀದಿ ತೋರಿಸ್ತಾನೆ. ಅದು ರಸೀದಿ, ಓಸಿ ಅಲ್ಲ. ಅಡ್ವಾನ್ಸ್ ಚೆಕ್ಕನ್ನ ಜೇಬಲ್ಲೇ ಇಟ್ಕೊಂಡು, ಮಂಜೂರಾದ ಪ್ಲಾನಿನ ನಕಲು ತರಿಸಿ, ಕಟ್ಟಡದ ಎದುರು ನಿಂತು ಮಹಡಿ ಎಣಿಸಿ.