ಕುಂದಗೋಳಕ್ಕೆ ಎಷ್ಟು ಹೆಸರು?

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ತೆರೆದರೆ ಸಂಗೀತ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಒಂದಾದರೂ ಸಿಗದೆ ಇರುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಎಂಟು-ಹತ್ತು ಮಕ್ಕಳು ಇಂಥ ಪತ್ರಿಕೆಗಳನ್ನು ಕಲೆಹಾಕುವ ಕೆಲಸ ಹಿಡಿದರು. ಯಾರು ಹಾಡಿದರು, ಎಂದು ಹಾಡಿದರು, ಎಲ್ಲಿ ಹಾಡಿದರು, ಸಾಥಿಗೆ ಯಾರಿದ್ದರು ಎಂಬುದನ್ನೆಲ್ಲ ಕಂಪ್ಯೂಟರಿನ ಒಂದೇ ಪಟ್ಟಿಗೆ ಸೇರಿಸುವುದು ಅವರ ಉದ್ದೇಶ. ಪಟ್ಟಿ ಎಲ್ಲರದು. ತಮ್ಮ ಮನೆಯ ಪತ್ರಿಕೆಗಳನ್ನು ತಮ್ಮ ಮೊಬೈಲಿನಿಂದಲೇ ತುಂಬಬಹುದು. ನಾನು ವಿಜ್ಞಾನದ ಮಾಸ್ತರ. ಸಂಗೀತ ಕೇಳಲು ಬರುತ್ತದೆಯೇ ಹೊರತು ಹಾಡಲು ಬರುವುದಿಲ್ಲ. ಆದರೂ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ಮೇ ತಿಂಗಳು ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ 600 ಕಛೇರಿಗಳು ಕೂಡಿದ್ದವು. ನಾವೆಲ್ಲ ಹಿಗ್ಗಿದೆವು.

ಆ ಹಿಗ್ಗು ಒಂದೇ ವಾರಕ್ಕೆ ಇಳಿಯಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಅಜ್ಜ ಒಂದು ಕಾಲದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು. ಈಗ ವಯಸ್ಸು 84. “ಕುಂದಗೋಳದಾಗ ನಾ ಒಂಬತ್ತು ಸರ್ತಿ ಸಾಥ್ ಮಾಡೀನಿ” ಎಂದು ಅವರು ಆಗಾಗ ಹೇಳುತ್ತಿದ್ದರಂತೆ. ಮೊಮ್ಮಗಳು ಉತ್ಸಾಹದಿಂದ ಪಟ್ಟಿಯಲ್ಲಿ ಹುಡುಕಿದಳು. “ಅಜ್ಜಾ, ಇದರಾಗ ಎರಡಽ ಅದಾವಲ್ಲ” ಎಂದಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಾನಽ ಮರತಿರಬೇಕು ಬಿಡವಾ, ವಯಸ್ಸಾತು” ಎಂದರಂತೆ.

ಮರುದಿನ ಆ ಹುಡುಗಿ ಇದನ್ನು ನನಗೆ ಹೇಳಿದಾಗ ನನ್ನ ಮನಸ್ಸಿಗೆ ಚುಚ್ಚಿತು. ಅಜ್ಜನ ನೆನಪನ್ನು ಕಾಪಾಡಲೆಂದು ಮಾಡಿದ ಪಟ್ಟಿಯೇ ಅವರ ನೆನಪನ್ನು ಸುಳ್ಳು ಮಾಡಿತ್ತು. ತಪ್ಪು ಅಜ್ಜನದಲ್ಲ, ನಮ್ಮದು ಎಂದು ಆಮೇಲೆ ಗೊತ್ತಾಯಿತು.

ಒಂದೇ ಜಾಗ, ಹಲವು ಹೆಸರು

ಕುಂದಗೋಳ ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿಯವರ ಗುರುಗಳಾದ ಸವಾಯಿ ಗಂಧರ್ವರ ಊರು ಇದು. ಅಲ್ಲಿಯ ನಾಡಗೇರ ವಾಡೆಯಲ್ಲಿ ಅವರ ಪುಣ್ಯತಿಥಿಯ ನಿಮಿತ್ತ ನಡೆದುಬಂದ ಅಹೋರಾತ್ರಿ ಸಂಗೀತವನ್ನು ಈ ಭಾಗದ ರಸಿಕರಿಗೆ ಪರಿಚಯಿಸಬೇಕಾಗಿಲ್ಲ.

ನಮ್ಮ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಿಟ್ಟು ಓದಿದಾಗ ಗುಟ್ಟು ರಟ್ಟಾಯಿತು. ಒಬ್ಬ ಹುಡುಗ ‘ಕುಂದಗೋಳ’ ಎಂದು ಬರೆದಿದ್ದ. ಇನ್ನೊಬ್ಬ ‘ಕುಂದಗೊಳ’, ಮತ್ತೊಬ್ಬ ‘ಕುಂದ್‌ಗೋಲ್’ ಎಂದಿದ್ದರು. ಒಬ್ಬಳು ಊರಿನ ಹೆಸರನ್ನೇ ಬಿಟ್ಟು ಬರೀ ‘ನಾಡಗೇರ ವಾಡೆ’ ಎಂದು ತುಂಬಿದ್ದಳು. ನಮಗೆ ಇವೆಲ್ಲ ಒಂದೇ. ಕಂಪ್ಯೂಟರಿಗೆ ಇವು ನಾಲ್ಕು ಬೇರೆ ಬೇರೆ ಜಾಗ. ಕಣ್ಣಿಗೆ ಕಾಣದ ಇನ್ನೊಂದು ತೊಡಕೂ ಇದೆ. ‘ಗೋ’ ಅಕ್ಷರದ ಓತ್ವದ ಚಿಹ್ನೆಯನ್ನು ಕಂಪ್ಯೂಟರಿನೊಳಗೆ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಣುಕುಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಎರಡನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಹುಡುಕುವಾಗ ಒಂದು ಸಿಗುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ.

ಇದು ಕುಂದಗೋಳದ ಕಥೆಯಷ್ಟೇ ಅಲ್ಲ. ಧಾರವಾಡದ ಕರ್ನಾಟಕ ಕಾಲೇಜಿನ ಆವರಣದ ರಂಗಮಂದಿರವನ್ನೇ ನೋಡಿ. ಒಂದು ಪತ್ರಿಕೆಯಲ್ಲಿ ‘ಸೃಜನಾ’, ಇನ್ನೊಂದರಲ್ಲಿ ‘ಅಣ್ಣಾಜಿರಾವ್ ಸಿರೂರ ರಂಗಮಂದಿರ’, ಮೂರನೆಯದರಲ್ಲಿ ಬರೀ ‘ಕೆ.ಸಿ.ಡಿ.’ ಎಂದಿತ್ತು. ಕೆಲವರಂತೂ ‘ಸ್ಥಳ: ಎಂದಿನಂತೆ’ ಎಂದು ಅಚ್ಚು ಹಾಕಿಸಿ ಕೈತೊಳೆದುಕೊಂಡಿದ್ದರು!

ಒಂದೇ ಹೆಸರು, ಹಲವು ಜಾಗ

ಇದರ ತದ್ವಿರುದ್ಧ ತೊಂದರೆ ಇನ್ನೂ ಅಪಾಯಕಾರಿ. ‘ಸವಾಯಿ ಗಂಧರ್ವ’ ಎಂಬುದು ಮೊದಲು ಒಬ್ಬ ಗಾಯಕರ ಬಿರುದು. ಅದೇ ಹೆಸರಿನ ಸಭಾಭವನ ಹುಬ್ಬಳ್ಳಿಯಲ್ಲಿದೆ. ಕುಂದಗೋಳದ ಉತ್ಸವಕ್ಕೂ ಅದೇ ಹೆಸರು. ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವೂ ಗುರುಗಳ ಹೆಸರಿನದೇ. ಜೋಶಿಯವರು 2011ರಲ್ಲಿ ತೀರಿಕೊಂಡ ಮೇಲೆ ಅದು ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’ವಾಯಿತು. ನಮ್ಮ ಪಟ್ಟಿ ತುಂಬುತ್ತಿದ್ದ ಒಬ್ಬ ಹುಡುಗ ‘ಸವಾಯಿ ಗಂಧರ್ವ ಪುಣ್ಯತಿಥಿ’ ಎಂಬುದನ್ನು ನೋಡಿದವನೇ ಊರಿನ ಜಾಗದಲ್ಲಿ ‘ಪುಣೆ’ ಎಂದು ಬರೆದುಬಿಟ್ಟಿದ್ದ. ಪತ್ರಿಕೆಯ ಕೊನೆಯಲ್ಲಿ ‘ಹುಬ್ಬಳ್ಳಿಯಿಂದ ಬಸ್ಸಿನ ಸೌಕರ್ಯವಿದೆ’ ಎಂಬ ಸಣ್ಣ ಸಾಲು ಇರದಿದ್ದರೆ ಆ ಕಛೇರಿ ಇಂದಿಗೂ ಪುಣೆಯಲ್ಲಿಯೇ ಇರುತ್ತಿತ್ತು.

ಕಾಲವೂ ಸುಮ್ಮನಿರುವುದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದವು. ಅವುಗಳಲ್ಲಿ ನಮ್ಮದೂ ಒಂದು. ನಾವು ಮೊದಲಿನಿಂದಲೂ ‘ಹುಬ್ಬಳ್ಳಿ’ ಎನ್ನುತ್ತಿದ್ದೆವು, ಬದಲಾದದ್ದು ಇಂಗ್ಲಿಷಿನ ‘ಹುಬ್ಳಿ’. ಇನ್ನು ಜಿಲ್ಲೆ, ರಾಜ್ಯಗಳ ವಿಚಾರ. ಕುಂದಗೋಳ ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ವಿಲೀನವಾದಾಗ ಮುಂಬಯಿ ಪ್ರಾಂತಕ್ಕೆ ಬಂತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1973ರಿಂದ ಕರ್ನಾಟಕ. ವಾಡೆ ಮಾತ್ರ ಇದ್ದಲ್ಲಿಯೇ ಇದೆ. ಗದಗವೂ ಹಾಗೆಯೇ. 1997ರವರೆಗೆ ಅದು ಧಾರವಾಡ ಜಿಲ್ಲೆಯ ಊರು, ಆಮೇಲೆ ತಾನೇ ಒಂದು ಜಿಲ್ಲೆ.

ವಿಜ್ಞಾನ ಕಲಿಸುವ ಪಾಠ

ಈ ಗೋಜಲನ್ನು ಬಿಡಿಸುವ ದಾರಿ ನನ್ನ ದಿನನಿತ್ಯದ ಪಾಠದಲ್ಲಿಯೇ ಇತ್ತು. ನಾವು ಕಬ್ಬಿಣ ಎನ್ನುವುದನ್ನು ಮರಾಠಿಯವರು ಲೋಖಂಡ ಎನ್ನುತ್ತಾರೆ, ಹಿಂದಿಯವರು ಲೋಹಾ ಎನ್ನುತ್ತಾರೆ. ರಸಾಯನಶಾಸ್ತ್ರದಲ್ಲಿ ಅದರ ಸಂಕೇತ ‘ಎಫ್‌ಇ’, ಅದರ ಪರಮಾಣು ಸಂಖ್ಯೆ 26. ಜಗತ್ತಿನ ಯಾವ ಶಾಲೆಗೆ ಹೋದರೂ ಇದು ಬದಲಾಗದು. ಮಾವಿನ ಮರಕ್ಕೆ ಲಿನೇಯಸ್ 1753ರಲ್ಲಿ ‘ಮ್ಯಾಂಜಿಫೆರಾ ಇಂಡಿಕಾ’ ಎಂದು ಹೆಸರಿಟ್ಟ. ಹಾಗೆಂದು ನಾವು ಮಾವು ಎನ್ನುವುದನ್ನು ಯಾರೂ ತಡೆಯಲಿಲ್ಲ. ಮನೆಯ ಹೆಸರು ಮನೆಗೆ, ಗುರುತಿನ ಹೆಸರು ಗುರುತಿಗೆ.

ನಮ್ಮ ರೈಲ್ವೆಯವರೂ ಇದನ್ನೇ ಮಾಡಿದ್ದಾರೆ. ಹುಬ್ಬಳ್ಳಿ ನಿಲ್ದಾಣಕ್ಕೆ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ಆದರೆ ಟಿಕೆಟಿನ ಮೇಲಿನ ‘ಯುಬಿಎಲ್’ ಎಂಬ ಸಂಕೇತಾಕ್ಷರ ಹಾಗೆಯೇ ಉಳಿಯಿತು. ಬೆಂಗಳೂರಿನ ದೊಡ್ಡ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟ ಮೇಲೂ ‘ಎಸ್‌ಬಿಸಿ’ ಬದಲಾಗಲಿಲ್ಲ. ಹೆಸರು ಬದಲಾದರೂ ಗಾಡಿ ದಾರಿ ತಪ್ಪಲಿಲ್ಲ.

ಸ್ಥಳನಾಮಗಳ ಏಕರೂಪತೆಗಾಗಿ ವಿಶ್ವಸಂಸ್ಥೆ 1967ರಲ್ಲಿಯೇ ಜಿನೀವಾದಲ್ಲಿ ಸಮ್ಮೇಳನ ಕರೆದಿತ್ತು. ಇಂದು ಜಗತ್ತಿನಾದ್ಯಂತ ಜನ ಸೇರಿ ತುಂಬುವ ‘ಮ್ಯೂಸಿಕ್‌ಬ್ರೇನ್ಜ್’ ಎಂಬ ಸಂಗೀತ ಭಂಡಾರದಲ್ಲಿಯೂ ಪ್ರತಿಯೊಂದು ಸಭಾಂಗಣಕ್ಕೆ ಬದಲಾಗದ ಒಂದು ಗುರುತು ಇರುತ್ತದೆ. ಅದರ ಉಳಿದ ಹೆಸರುಗಳೆಲ್ಲ ಆ ಗುರುತಿನ ಕೆಳಗೆ ಬರುತ್ತವೆ.

ನಾವು ಮಾಡಿಕೊಂಡ ಒಪ್ಪಂದ

ಮಕ್ಕಳನ್ನು ಕೂಡಿಸಿ ಚರ್ಚೆಗೆ ಬಿಟ್ಟೆ. ಜಗಳವೇ ಆಯಿತು. “ಈಗಿನ ಸರಿಯಾದ ಹೆಸರನ್ನಽ ಬರೀಬೇಕ್ರಿ ಸರ್” ಎಂದು ಒಂದು ಪಕ್ಷ. “ಪತ್ರಿಕೆಯೊಳಗ ಏನೈತಿ ಅದನ್ನಽ ಬರೀಬೇಕ್ರಿ, ನಾವ್ಯಾರು ತಿದ್ದಾವ್ರು?” ಎಂದು ಇನ್ನೊಂದು ಪಕ್ಷ. ಎರಡೂ ಸರಿಯೇ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಅಂಕಣ ಮಾಡಿದೆವು. ಕೊನೆಗೆ ಎಲ್ಲರೂ ಒಪ್ಪಿದ ನಿಯಮಗಳು ಐದು.

ಒಂದು, ಪ್ರತಿ ಸ್ಥಳಕ್ಕೂ ಒಂದು ಸಂಖ್ಯೆ. ನಾಡಗೇರ ವಾಡೆಗೆ 17 ಎಂದು ಕೊಟ್ಟರೆ ಅದು ಎಂದೆಂದಿಗೂ 17, ಬೇರೆ ಜಾಗಕ್ಕೆ ಆ ಸಂಖ್ಯೆ ಇಲ್ಲ. ಎರಡು, ಪತ್ರಿಕೆಯಲ್ಲಿ ಅಚ್ಚಾದ ಹೆಸರನ್ನು ತಪ್ಪಿದ್ದರೂ ಇದ್ದಂತೆಯೇ ಬರೆಯುವುದು. ಮೂರು, ತೋರಿಸಲು ಒಂದೇ ಹೆಸರು. ಅದು ಈಗ ಊರಿನವರು ಕನ್ನಡದಲ್ಲಿ ಬರೆಯುವ ಹೆಸರು. ಹಳೆಯ ಹೆಸರು, ಅಡ್ಡಹೆಸರುಗಳನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದರೊಂದಿಗೆ ಅದರ ಕೆಳಗೆ ಬರೆಯುವುದು. ನಾಲ್ಕು, ಸಭಾಂಗಣ, ಊರು, ಜಿಲ್ಲೆ, ಉತ್ಸವ ಇವನ್ನು ಒಂದೇ ಸಾಲಿನಲ್ಲಿ ತುರುಕದೆ ಪ್ರತ್ಯೇಕವಾಗಿ ಬರೆಯುವುದು. ಐದು, ಸಂಶಯವಿದ್ದರೆ ಕೂಡಿಸಬಾರದು. ಬೇರೆಯಾಗಿ ಇಟ್ಟದ್ದನ್ನು ನಾಳೆ ಸುಲಭವಾಗಿ ಕೂಡಿಸಬಹುದು. ತಪ್ಪಿ ಕೂಡಿಸಿದ್ದನ್ನು ಬೇರ್ಪಡಿಸುವುದು ಹಾಲಿನಿಂದ ನೀರನ್ನು ತೆಗೆದಷ್ಟು ಕಷ್ಟ.

ಈ ನಿಯಮಗಳ ಪ್ರಕಾರ ಎಲ್ಲವನ್ನೂ ಮತ್ತೆ ತಿದ್ದಲು ಹದಿನೈದು ದಿನ ಹಿಡಿಯಿತು. ಅಜ್ಜನ ಲೆಕ್ಕ ಹೀಗೆ ಬಂತು: ಮೊದಲೇ ಸಿಕ್ಕಿದ್ದವು 2, ಬೇರೆ ಕಾಗುಣಿತದಲ್ಲಿ ಅಡಗಿದ್ದವು 3, ಊರಿಲ್ಲದ ವಾಡೆಯಲ್ಲಿದ್ದವು 2, ಪುಣೆಗೆ ಹೋಗಿ ಮರಳಿದ್ದು 1. ಒಟ್ಟು 8.

ಒಂಬತ್ತನೆಯದು? ಅದರ ಪತ್ರಿಕೆ ಎಲ್ಲೂ ಸಿಗಲಿಲ್ಲ. ಅದನ್ನು ಸುಮ್ಮನೆ ಸೇರಿಸಿಬಿಡೋಣ ಎಂದು ಒಬ್ಬ ಹುಡುಗ ಹೇಳಿದ. ನಾನು ಒಪ್ಪಲಿಲ್ಲ, ಬಿಡುವುದಕ್ಕೂ ಒಪ್ಪಲಿಲ್ಲ. ಸ್ಥಳ 17 ಎಂದು ಬರೆದು, ಆಧಾರದ ಅಂಕಣದಲ್ಲಿ ‘ಪತ್ರಿಕೆ ಇಲ್ಲ, ವಾದಕರೇ ಹೇಳಿದ್ದು’ ಎಂದು ಸೇರಿಸಿದೆವು. ದಾಖಲೆ ಎಂದರೆ ಹೀಗಿರಬೇಕು. ಗೊತ್ತಿರುವುದು ಹೇಗೆ ಗೊತ್ತಾಯಿತು ಎಂಬುದನ್ನೂ ಅದು ಹೇಳಬೇಕು.

ಮೊಮ್ಮಗಳು ಹೊಸ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ ಓದಿ ಹೇಳಿದಳಂತೆ. ಅಜ್ಜ ಪ್ರತಿ ಸಾಲಿಗೂ ತಲೆದೂಗಿ, ಕೊನೆಗೆ, “ನಾ ಮರತಿರಲಿಲ್ಲ ನೋಡವಾ” ಎಂದರಂತೆ.

ಪಾಲಕರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಳೆಯ ಆಮಂತ್ರಣ ಪತ್ರಿಕೆಗಳಿದ್ದರೆ ರದ್ದಿಗೆ ಹಾಕುವ ಮೊದಲು ಮಕ್ಕಳ ಕೈಗೆ ಕೊಡಿ. ಹಿರಿಯರ ಪಕ್ಕದಲ್ಲಿ ಕೂಡಿಸಿ, “ಇದು ಯಾವ ಜಾಗ, ಆಗ ಅದಕ್ಕೆ ಏನಂತಿದ್ದರು?” ಎಂದು ಕೇಳಿಸಿ. ಉತ್ತರವನ್ನು ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡಲಿ. ‘ಎಂದಿನಂತೆ’ ಎಂಬ ಸ್ಥಳ ಎಲ್ಲಿತ್ತು ಎಂದು ಹೇಳಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೇಳಲು ತಡಮಾಡಬಾರದು.