ಜೂನ್ 15ರೊಳಗೆ ಪ್ರತಿ ರೂಮಿಗೂ ತಲುಪಬೇಕಾದ ಮಾತು



ಬೇಸಿಗೆ ಬಂತೆಂದರೆ ಯುಎಇಯಲ್ಲಿ ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆಗಳಿಂದ ಬಿಸಿಲಿನ ಬಗ್ಗೆ ಸೂಚನೆಗಳು ಬರುತ್ತವೆ. ಸೈಟಿನ ಬೋರ್ಡಿಗೆ ಕಾಗದ ಅಂಟಿಸುತ್ತಾರೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ಆದರೆ ಕನ್ನಡ ಬಿಟ್ಟು ಬೇರೆ ಓದಲು ಬಾರದ ನಮ್ಮ ಹುಡುಗನಿಗೆ ಅದು ಬರೀ ಕಾಗದ. ಅದರಲ್ಲಿರುವ ವಿಷಯವನ್ನು ಕನ್ನಡದಲ್ಲಿ, ಅವನ ಮಂಚದ ಪಕ್ಕ ಕೂತು ಹೇಳಬೇಕಾದವರು ನಾವು: ಸಂಘದ ಸ್ವಯಂಸೇವಕರು, ಕ್ಯಾಂಪಿನ ಹಿರಿಯರು, ರೂಮಿನಲ್ಲಿ ನಾಲ್ಕಕ್ಷರ ಬಲ್ಲವರು. ಬಿಸಿಲಿಗೆ ಸಿಕ್ಕವನನ್ನು ಉಳಿಸುವುದು ಹೆಚ್ಚಿನ ಸಲ ಪಕ್ಕದಲ್ಲಿದ್ದವನೇ. ಅದಕ್ಕೇ ಈ ಲೇಖನ.

"ನಮಗೇನು ಬಿಸಿಲು ಹೊಸತಾ?"

ರಾಯಚೂರು, ಕಲಬುರಗಿ ಕಡೆಯವರು ಈ ಮಾತು ಹೇಳುವುದು ಸಹಜ. ಆದರೆ ಅಲ್ಲಿಯದು ಒಣ ಬಿಸಿಲು. ಬೆವರು ಬೇಗ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಇಲ್ಲಿ ಸಮುದ್ರದ ತೇವ ಗಾಳಿಯಲ್ಲೇ ಇರುವುದರಿಂದ ಬೆವರು ಸುರಿದರೂ ಆರುವುದಿಲ್ಲ. ಮೈಯ ಕಾವು ಒಳಗೇ ಉಳಿಯುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಸೆಕೆ ಗೊತ್ತು, ಆದರೆ 45 ಡಿಗ್ರಿಯ ಸೆಕೆ ಗೊತ್ತಿಲ್ಲ. ಊರಿನ ಅಭ್ಯಾಸವನ್ನು ನಂಬಿ ಇಲ್ಲಿ ಧೈರ್ಯ ಮಾಡಬೇಡಿ.

ಮೊದಲ ವಾರವೇ ಹೆಚ್ಚು ಅಪಾಯ

ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬಿಸಿಲಿನ ಕೆಲಸದಲ್ಲಿ ಆಗುವ ಸಾವುಗಳಲ್ಲಿ ಬಹಳಷ್ಟು ಆಗುವುದು ಕೆಲಸ ಶುರುವಾದ ಮೊದಲ ಕೆಲವೇ ದಿನಗಳಲ್ಲಿ. ಹೊಸದಾಗಿ ಬಂದವರಿಗೆ ಮಾತ್ರ ಅಲ್ಲ, ರಜೆಗೆ ಊರಿಗೆ ಹೋಗಿ ಒಂದೆರಡು ತಿಂಗಳು ಇದ್ದು ಬಂದ ಹಳಬರಿಗೂ ಇದು ಅನ್ವಯಿಸುತ್ತದೆ. "ಹತ್ತು ವರ್ಷದ ಸರ್ವಿಸ್ ನನ್ನದು" ಅಂದರೆ ದೇಹ ಕೇಳುವುದಿಲ್ಲ.

ತಜ್ಞರು ಹೇಳುವ ಲೆಕ್ಕ ಹೀಗಿದೆ: ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಪೂರ್ತಿ ಪಾಳಿಯ 20 ಶೇಕಡಾ ಮಾತ್ರ ಇರಬೇಕು, ಆಮೇಲೆ ದಿನಕ್ಕೆ 20 ಶೇಕಡಾದಂತೆ ಏರಿಸಬೇಕು. ರಜೆಯಿಂದ ಬಂದ ಹಳಬರಿಗೆ ಮೊದಲ ದಿನ 50, ಆಮೇಲೆ 60, 80, ನಾಲ್ಕನೇ ದಿನ 100 ಶೇಕಡಾ. ಇದನ್ನು ಕೆಲಸಗಾರ ತಾನೇ ಕೇಳಲು ಹೆದರುತ್ತಾನೆ. ಫೋರ್‌ಮನ್ ಅಥವಾ ಸೇಫ್ಟಿ ಆಫೀಸರ್ ಹತ್ತಿರ ಹಿರಿಯರೊಬ್ಬರು ಮಾತಾಡಿದರೆ ಕೆಲಸ ಆಗುತ್ತದೆ.

ನೀರು, ಉಪ್ಪು

ಬಾಯಾರಿಕೆ ಆಗುವ ತನಕ ಕಾಯಬೇಡಿ. ಬಿಸಿಲಲ್ಲಿ ಕೆಲಸ ಮಾಡುವಾಗ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿಲಿ ನೀರು ಕುಡಿಯಿರಿ. ಒಂದೇ ಗಂಟೆಯಲ್ಲಿ ಒಂದೂವರೆ ಲೀಟರಿಗಿಂತ ಹೆಚ್ಚು ಬೇಡ. ಬರೀ ನೀರೇ ವಿಪರೀತ ಕುಡಿದರೆ ರಕ್ತದ ಉಪ್ಪಿನಂಶ ತಗ್ಗಿ ಬೇರೆ ತೊಂದರೆ ಆಗುತ್ತದೆ.

ಗಂಟೆಗಟ್ಟಲೆ ಬೆವರಿದರೆ ಓಆರ್‌ಎಸ್ ಒಳ್ಳೆಯದು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಉಪ್ಪು ಹಾಕಿದ ಲಬಾನ್ ನಮ್ಮ ಮಜ್ಜಿಗೆಯಂತೆಯೇ, ಅದೂ ಆಗುತ್ತದೆ. ಎನರ್ಜಿ ಡ್ರಿಂಕ್ ಬೇಡ. ಹಿಂದಿನ ರಾತ್ರಿ ಮದ್ಯ ಕುಡಿದಿದ್ದರೆ ಮರುದಿನ ಅಪಾಯ ಹೆಚ್ಚು. ಬಿಪಿ, ಶುಗರ್, ಹೃದಯದ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ಡಾಕ್ಟರನ್ನು ಕೇಳಿ. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಚಹಾದ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಸುಸ್ತು ಯಾವುದು, ಆಘಾತ ಯಾವುದು?

ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿದುಕೊಳ್ಳುವುದು ಬಿಸಿಲಿನ ಸುಸ್ತಿನ ಲಕ್ಷಣ. ಕೂಡಲೇ ನೆರಳಿಗೆ ಕರೆದು ಕೂರಿಸಿ, ಹೆಲ್ಮೆಟ್, ಬೂಟು ಬಿಚ್ಚಿ, ನೀರು ಕೊಡಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ, ರೂಮಿಗೆ ಒಂಟಿಯಾಗಿ ಕಳಿಸಲೂಬೇಡಿ.

ಆದರೆ ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಸಿಡಿಮಿಡಿಗೊಂಡು ಜಗಳಕ್ಕೆ ಬಂದರೆ, ತೂರಾಡಿದರೆ, ಬಿದ್ದರೆ ಅದು ಹೀಟ್ ಸ್ಟ್ರೋಕ್. ದೇಹದ ಕಾವು 40 ಡಿಗ್ರಿ ದಾಟಿ ಮೆದುಳಿಗೆ ತಟ್ಟಿದೆ. ಬೆವರು ನಿಂತಿರಬಹುದು, ಸುರಿಯುತ್ತಲೂ ಇರಬಹುದು. "ಬೆವರುತ್ತಿದ್ದಾನಲ್ಲ, ಏನಾಗಲ್ಲ" ಅನ್ನುವುದು ದೊಡ್ಡ ತಪ್ಪು. "ಕುಡಿದಿದ್ದಾನೆ" ಎಂದು ಮೂಲೆಯಲ್ಲಿ ಮಲಗಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಆಗ ಮಾಡಬೇಕಾದ್ದು:

1. ಒಬ್ಬರು 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಿರಿ. ದುಬೈಯಲ್ಲಿದ್ದರೆ ಕಟ್ಟಡದ ಫಲಕದ ಮೇಲಿನ 10 ಅಂಕಿಯ ಮಕಾನಿ ನಂಬರ್ ಹೇಳಿ, ಜಾಗ ಸುಲಭವಾಗಿ ಸಿಗುತ್ತದೆ.
2. ಉಳಿದವರು ಕಾಯದೆ ತಂಪು ಮಾಡಲು ಶುರು ಮಾಡಿ. ಬಟ್ಟೆ ಸಡಿಲಿಸಿ ಮೈತುಂಬ ತಣ್ಣೀರು ಸುರಿಯಿರಿ, ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ.
3. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬೇಡಿ. ಪ್ಯಾರಸಿಟಮಾಲ್ ಕೊಡಬೇಡಿ, ಈ ಕಾವಿಗೆ ಅದು ಕೆಲಸ ಮಾಡುವುದಿಲ್ಲ.
4. ಆಂಬುಲೆನ್ಸ್ ಬರುವ ತನಕ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಇಲ್ಲಿ ಒಂದೊಂದು ನಿಮಿಷವೂ ಜೀವದ ಲೆಕ್ಕ.

ಕಾನೂನು ಏನು ಹೇಳುತ್ತದೆ

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ತಪ್ಪಿದ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಂನಂತೆ, ಗರಿಷ್ಠ 50,000 ದಿರ್ಹಂ ದಂಡ ಇದೆ. ಕಾಂಕ್ರೀಟ್ ಹಾಕುವುದು, ಡಾಂಬರು ಹಾಸುವುದು, ನೀರು ಅಥವಾ ಕರೆಂಟ್ ಲೈನ್ ರಿಪೇರಿಯಂಥ ತಡೆಯಲಾಗದ ಕೆಲಸಗಳಿಗೆ ವಿನಾಯಿತಿ ಇದೆ. ಆಗಲೂ ನೆರಳು, ತಣ್ಣೀರು, ಪ್ರಥಮ ಚಿಕಿತ್ಸೆಯ ವ್ಯವಸ್ಥೆಯನ್ನು ಕಂಪನಿಯೇ ಮಾಡಬೇಕು. ದೂರು ಕೊಡಲು ಕಾರ್ಮಿಕ ಸಚಿವಾಲಯದ ನಂಬರ್ 600590000. ಡೆಲಿವರಿ ಬೈಕಿನವರಿಗಾಗಿ ಊರೊಳಗೆ ಎಸಿ ವಿಶ್ರಾಂತಿ ತಾಣಗಳಿವೆ, ಬಳಸಿಕೊಳ್ಳಿ.

ಬೇರೆ ದೇಶದಲ್ಲಿರುವ ಬಂಧುಗಳಿಗೆ: ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15, ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆ, 11ರಿಂದ 4. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15, 12ರಿಂದ 3.

ಖರ್ಚಿನ ಭಯದಿಂದ ಆಸ್ಪತ್ರೆ ತಪ್ಪಿಸಬೇಡಿ. 2025ರ ಜನವರಿ 1ರಿಂದ ಯುಎಇಯ ಎಲ್ಲ ಎಮಿರೇಟ್‌ಗಳಲ್ಲೂ ಖಾಸಗಿ ಕಂಪನಿ ತನ್ನ ಕೆಲಸಗಾರರಿಗೆ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ. ಅದರ ಹಣ ಕಟ್ಟಬೇಕಾದ್ದು ಕಂಪನಿ, ನೀವಲ್ಲ. ಬೇರೆ ತೊಂದರೆಯಾದರೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342ಗೆ ಉಚಿತವಾಗಿ ಫೋನ್ ಮಾಡಬಹುದು.

ಸ್ವಯಂಸೇವಕರಲ್ಲಿ ವಿನಂತಿ

ಜೂನ್ 15ರೊಳಗೆ ಒಂದು ಶುಕ್ರವಾರ ಅಥವಾ ಭಾನುವಾರ ಕ್ಯಾಂಪಿಗೆ ಹೋಗಿ. ಮೆಸೇಜ್ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ. ಈ ವರ್ಷ ಹೊಸಬರು ಯಾರು, ರಜೆಯಿಂದ ಬಂದವರು ಯಾರು, ಬಿಪಿ ಮಾತ್ರೆಯವರು ಯಾರು ಎಂದು ಕೇಳಿ ತಿಳಿದುಕೊಳ್ಳಿ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಮೇಲೊಬ್ಬರು ಕಣ್ಣಿಡಲು ಹೇಳಿ. 998 ಎಂದು ಬಾಗಿಲ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿ. ಒಂದು ಬಕೆಟ್ ನೀರಿಟ್ಟು ತಂಪು ಮಾಡುವುದು ಹೇಗೆಂದು ಮಾಡಿ ತೋರಿಸಿ.

ಊರಲ್ಲಿ ಒಂದು ಮನೆ ಇವನ ಫೋನಿಗೆ ಕಾಯುತ್ತಿರುತ್ತದೆ. ಆ ಫೋನ್ ತಪ್ಪದಂತೆ ನೋಡಿಕೊಳ್ಳುವುದು ರೂಮಿನವರ ಕೈಯಲ್ಲೂ ಇದೆ.