ನಿಮ್ಮೊಳಗೆ ಯಾರ್‍ಯಾರಿದ್ದಾರೆ?

ಬಾಸ್ ಫೋನ್ ಬಂದ ಕೂಡಲೇ ನಿಮ್ಮ ದನಿ ಬದಲಾಗುತ್ತಲ್ಲ? ಅದಕ್ಕೆ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಕೊಟ್ಟ ಹೆಸರು ‘ಪರ್ಸೋನಾ’. ಲ್ಯಾಟಿನ್‌ನಲ್ಲಿ ಹಾಗಂದ್ರೆ ನಟರ ಮುಖವಾಡ. ನಾವು ಒಪ್ಪಿಕೊಳ್ಳದ ನಮ್ಮದೇ ಇನ್ನೊಂದು ಮುಖ ‘ನೆರಳು’.

ಇದೆಲ್ಲ ಬರೀ ಪುಸ್ತಕ ಓದಿ ಹೇಳಿದ್ದಲ್ಲ. ಮನೋವಿಶ್ಲೇಷಕ ಫ್ರಾಯ್ಡ್ ಜೊತೆಗಿನ ಸ್ನೇಹ ಮುರಿದ ಮೇಲೆ, 1913ರಿಂದ, ಯೂಂಗ್ ತಮ್ಮ ಮನಸ್ಸಲ್ಲಿ ಏಳುತ್ತಿದ್ದ ದೃಶ್ಯಗಳನ್ನು ಬರೆದಿಡತೊಡಗಿದರು. ಅಲ್ಲಿಗೆ ಬಂದವನೇ ಫಿಲೆಮನ್ ಎಂಬ ಮುದುಕ. ಬೆನ್ನಿಗೆ ಮಿಂಚುಳ್ಳಿಯ ರೆಕ್ಕೆ ಬೇರೆ! ಯೂಂಗ್ ತೋಟದಲ್ಲಿ ಅಡ್ಡಾಡುತ್ತಾ ಅವನ ಜೊತೆ ಮಾತಾಡುತ್ತಿದ್ದರಂತೆ. ಹುಚ್ಚು ಅನ್ನಿಸುತ್ತಾ? ಆ ಭಯ ಅವರಿಗೂ ಇತ್ತು. ಕತೆ, ಪುರಾಣಗಳಲ್ಲಿ ಮತ್ತೆ ಮತ್ತೆ ಸಿಗುವ ‘ಜ್ಞಾನವೃದ್ಧ’ ಇವನೇ ಅಂತ ಆಮೇಲೆ ಗುರುತಿಸಿದರು. ಇಂಥ ಮೂಲರೂಪಗಳೇ ಆರ್ಕಿಟೈಪ್.

ಪ್ರಯೋಗಾಲಯದಲ್ಲಿ ಸಾಬೀತಾದ ವಿಜ್ಞಾನ ಇದಲ್ಲ, ನೆನಪಿರಲಿ. ‘ನೀವು ಯಾವ ಆರ್ಕಿಟೈಪ್?’ ಅನ್ನೋ ಕ್ವಿಜ್‌ಗಳನ್ನಂತೂ ನಾನು ನಂಬಲ್ಲ.

ಫಿಲೆಮನ್ ಕಾಣಿಸಿಕೊಂಡು ವರ್ಷಗಳಾದ ಮೇಲೆ ಗಾಂಧೀಜಿಯ ಸ್ನೇಹಿತರೊಬ್ಬರು ಯೂಂಗ್‌ರನ್ನು ನೋಡಲು ಬಂದರು. ನಿಮ್ಮ ಗುರು ಯಾರು ಅಂದರೆ, ಶಂಕರಾಚಾರ್ಯರು ಅಂದರು. ಶತಮಾನಗಳ ಹಿಂದಿನ ಅದೇ ಶಂಕರರು! ಯೂಂಗ್‌ಗೆ ತಕ್ಷಣ ಫಿಲೆಮನ್ ನೆನಪಾದ. ಇಂಥ ಅನುಭವ ತಮಗೊಬ್ಬರಿಗೇ ಆಗಿದ್ದಲ್ಲ ಅಂತ ಮನಸ್ಸು ನಿರಾಳವಾಯಿತು.